ಸಂಬಳ ಯಾವ ಊರಿನದು?

ಉದ್ಯೋಗವನ್ನು ಅರಸಿಕೊಂಡು ಮನುಷ್ಯ ದೇಶಾಂತರ ಹೋಗುತ್ತಿದ್ದ ಕಾಲವೊಂದಿತ್ತು. ಈಗ ಮನುಷ್ಯ ಹೋದಲ್ಲಿಗೆ ಉದ್ಯೋಗವೇ ಕೈಚೀಲದಲ್ಲಿ ಕುಳಿತು ಹಿಂಬಾಲಿಸುತ್ತದೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಮಹಾಮಾರಿ ಕಛೇರಿಗಳಿಗೆ ಬೀಗ ಹಾಕಿಸಿದಾಗ ಬೆಂಗಳೂರಿನ ಸಹಸ್ರಾರು ಮನೆಗಳಲ್ಲಿ ಊಟದ ಮೇಜೇ ಕಛೇರಿಯಾಯಿತು. ಬೀಗ ತೆಗೆದ ಮೇಲೂ ಆ ಅಭ್ಯಾಸ ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ಬೆಂಗಳೂರಿನ ಊಟದ ಮೇಜಿನ ಮೇಲೆ ನಡೆಯುವ ಕೆಲಸ ಮ್ಯೂನಿಕ್ ನಗರದ ಊಟದ ಮೇಜಿನ ಮೇಲೆ ಏಕೆ ನಡೆಯಬಾರದು ಎಂಬ ಪ್ರಶ್ನೆ ಅದರ ಬೆನ್ನಿಗೇ ಹುಟ್ಟಿತು. ಪ್ರಶ್ನೆಯೇನೋ ಸಹಜವಾದದ್ದೇ; ಉತ್ತರ ಮಾತ್ರ ಅಷ್ಟು ಸರಳವಾಗಿಲ್ಲ.

ಉದಾಹರಣೆಗೆ ಬಸವನಗುಡಿಯ ಒಂದು ಸಂಸಾರವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಗಂಡನಿಗೆ ಮ್ಯೂನಿಕ್ಕಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಕೆಲಸ ದೊರೆತಿದೆ. ಹೆಂಡತಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಒಂಬತ್ತು ವರ್ಷ ದುಡಿದು, ಒಂದೊಂದೇ ಮೆಟ್ಟಿಲು ಏರಿ ಬಂದವಳು. ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಸಂಬಳ. "ಕೈಗೆ ಬಂದ ಕೆಲಸ ಯಾಕಮ್ಮಾ ಬಿಡ್ತೀಯಾ? ಕಂಪ್ಯೂಟರ್ ತಗೊಂಡು ಹೋಗು, ಅಲ್ಲೇ ಕೂತು ಮಾಡು" ಎನ್ನುತ್ತಾರೆ ಅತ್ತೆ. ಅವರ ಮಾತಿನಲ್ಲಿ ಅಕ್ಕರೆಯಿದೆ, ಲೋಕಜ್ಞಾನವೂ ಇದೆ. ಕಂಪೆನಿಯ ಮೇಲಧಿಕಾರಿಯೂ ಒಳ್ಳೆಯ ಕೆಲಸಗಾರ್ತಿಯನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಬಾಯಿಮಾತಿನಲ್ಲಿ ಒಪ್ಪಿಬಿಡುತ್ತಾರೆ. ಸಂಬಳ ಎಂದಿನಂತೆ ಗಾಂಧಿಬಜಾರಿನ ಬ್ಯಾಂಕಿಗೆ ಬರುತ್ತದೆ, ತೆರಿಗೆ ಎಂದಿನಂತೆ ಮೊದಲೇ ಮುರಿದುಹೋಗುತ್ತದೆ. ಏನೂ ಬದಲಾಗಲಿಲ್ಲವೆಂದು ಎಲ್ಲರೂ ನಂಬುತ್ತಾರೆ. ಬದಲಾದದ್ದು ಒಂದೇ ಒಂದು: ಆಕೆ ಕುಳಿತುಕೊಳ್ಳುವ ಕುರ್ಚಿ. ಕಾನೂನು ಮೊದಲು ನೋಡುವುದು ಆ ಕುರ್ಚಿಯನ್ನೇ.

ಸಂಬಳದ ಮೇಲೆ ತೆರಿಗೆ ಹಾಕುವ ಹಕ್ಕು ಸಾಮಾನ್ಯವಾಗಿ ಸಂಬಳ ಕೊಡುವವನ ದೇಶಕ್ಕೆ ಸೇರಿದ್ದಲ್ಲ. ದುಡಿಮೆ ನಡೆಯುವ ದೇಶಕ್ಕೆ ಸೇರಿದ್ದು. ಒಂದೇ ವರಮಾನಕ್ಕೆ ಎರಡು ಕಡೆ ತೆರಿಗೆ ಬೀಳದಿರಲೆಂದು ಭಾರತವೂ ಜರ್ಮನಿಯೂ 1995ರಲ್ಲಿ ಮಾಡಿಕೊಂಡ ಒಪ್ಪಂದದ 15ನೆಯ ವಿಧಿಯ ತಿರುಳು ಇದೇ. ಮ್ಯೂನಿಕ್ಕಿನಲ್ಲಿ ಮನೆ ಹಿಡಿದು ನೆಲೆಸಿದಂದಿನಿಂದಲೇ ಸೊಸೆ ಜರ್ಮನಿಯ ಪಾಲಿಗೆ ನಿವಾಸಿ. ಅದಕ್ಕೆ ಆರು ತಿಂಗಳು ತುಂಬಬೇಕಾಗಿಲ್ಲ. "ನೂರ ಎಂಬತ್ತಮೂರು ದಿನದವರೆಗೆ ಯಾರೂ ಕೇಳುವುದಿಲ್ಲ" ಎಂಬ ಮಾತು ಸ್ನೇಹಿತರ ಬಾಯಿಂದ ಬಾಯಿಗೆ ಹರಿದಾಡುತ್ತಿರುತ್ತದೆ. ಅಂಥ ವಿನಾಯಿತಿಯೊಂದು ಒಪ್ಪಂದದಲ್ಲಿರುವುದು ನಿಜ. ಆದರೆ ಅದು ಒಂದು ದೇಶದ ನಿವಾಸಿಯಾಗಿಯೇ ಉಳಿದು ಇನ್ನೊಂದು ದೇಶಕ್ಕೆ ಸ್ವಲ್ಪಕಾಲ ಹೋಗಿಬರುವವರಿಗಾಗಿ ಇರುವುದು. ಹಾಸಿಗೆ ಪಾತ್ರೆಗಳ ಸಮೇತ ಸಂಸಾರ ಹೂಡಿದವರಿಗಾಗಿ ಅಲ್ಲ.

ಹಾಗಾದರೆ ಭಾರತದ ತೆರಿಗೆಯಿಂದಲಾದರೂ ಆಕೆಗೆ ಬಿಡುಗಡೆಯೇ? ಇಲ್ಲಿ ಗಾಂಧಿಬಜಾರಿನ ಬ್ಯಾಂಕ್ ಖಾತೆ ಅಡ್ಡ ಬರುತ್ತದೆ. ಅನಿವಾಸಿಯಾದವರ ವರಮಾನ ಭಾರತದಲ್ಲಿ ಹುಟ್ಟಿದಾಗ ಮಾತ್ರವಲ್ಲ, ಭಾರತದಲ್ಲಿ ಅವರ ಕೈಸೇರಿದಾಗಲೂ ಇಲ್ಲಿನ ತೆರಿಗೆಗೆ ಒಳಪಡುತ್ತದೆಂದು ಕಾಯಿದೆ ಹೇಳುತ್ತದೆ. ಎಂದಮೇಲೆ ಕಂಪೆನಿ ತೆರಿಗೆ ಮುರಿದುಕೊಳ್ಳುವುದನ್ನು ತಾನಾಗಿ ನಿಲ್ಲಿಸುವುದಿಲ್ಲ. ಜರ್ಮನಿಯೂ ತನ್ನ ಪಾಲನ್ನು ಬಿಡುವುದಿಲ್ಲ. ಒಪ್ಪಂದದ ಆಶ್ರಯ ಪಡೆದು ಇಲ್ಲಿನ ತೆರಿಗೆಯನ್ನು ಬಿಡಿಸಿಕೊಳ್ಳುವ ದಾರಿಯೇನೋ ಇದೆ. ಅದಕ್ಕೆ ಜರ್ಮನಿಯ ತೆರಿಗೆ ಕಛೇರಿಯಿಂದ ನಿವಾಸದ ಪ್ರಮಾಣಪತ್ರ ತರಿಸಬೇಕು, ಇಲ್ಲಿ ರಿಟರ್ನ್ ಸಲ್ಲಿಸಬೇಕು, ಮುರಿದ ಹಣ ಹಿಂದಿರುಗುವವರೆಗೆ ಕಾಯಬೇಕು. ಅತ್ತ ಜರ್ಮನಿಯಲ್ಲಿ ನೆಲೆಯಿಲ್ಲದ ಭಾರತದ ಕಂಪೆನಿ ಅಲ್ಲಿನ ತೆರಿಗೆಯನ್ನು ಸಂಬಳದಲ್ಲಿ ಮುರಿದು ಕಟ್ಟುವುದಿಲ್ಲವಾದ್ದರಿಂದ ಆಕೆಯೇ ಲೆಕ್ಕ ಒಪ್ಪಿಸಿ, ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳ 10ನೆಯ ತಾರೀಖಿಗೆ ಮುಂಗಡ ಕಂತುಗಳನ್ನು ಕಟ್ಟಬೇಕಾಗಿ ಬರುತ್ತದೆ. ಒಂದು ಕಡೆ ಬರಬೇಕಾದ ಹಣ, ಇನ್ನೊಂದು ಕಡೆ ಕೊಡಬೇಕಾದ ಹಣ. ನಡುವಿನ ತಿಂಗಳುಗಳನ್ನು ಉಳಿತಾಯವೇ ತೂಗಿಸಬೇಕು.

ಹೊರಡುವ ವರ್ಷದ ಲೆಕ್ಕವಂತೂ ಇನ್ನೂ ಸೂಕ್ಷ್ಮವಾದದ್ದು. ಭಾರತದ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುತ್ತದೆ. ಆ ವರ್ಷದಲ್ಲಿ 182 ದಿನ ಇಲ್ಲಿದ್ದವರು ನಿವಾಸಿಗಳು. ಅಷ್ಟು ದಿನ ಇಲ್ಲದಿದ್ದರೂ, 60 ದಿನ ಇಲ್ಲಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದವರೂ ನಿವಾಸಿಗಳೇ. ವಿದೇಶದಲ್ಲಿ ಉದ್ಯೋಗಕ್ಕಾಗಿ ಹೊರಡುವ ಭಾರತೀಯ ಪ್ರಜೆಗೆ ಮಾತ್ರ ಈ 60 ದಿನದ ನಿಯಮ ಸಡಿಲಗೊಂಡು 182ಕ್ಕೆ ಏರುತ್ತದೆ. 1961ರ ಕಾಯಿದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೊಳ್ಳುವಂತೆ ರಚಿತವಾದ 2025ರ ವರಮಾನ ತೆರಿಗೆ ಕಾಯಿದೆಯಲ್ಲಿಯೂ ದಿನಗಣನೆಯ ಮೂಲಸೂತ್ರ ಇದೇ. ಹೊರಟ ದಿನವನ್ನೂ ಸೇರಿಸಿ ಎಣಿಸುವ ವಾಡಿಕೆಯಂತೆ, ಸೆಪ್ಟೆಂಬರ್ 28ರಂದು ವಿಮಾನ ಹತ್ತಿದ ಗಂಡಸಿಗೆ 181 ದಿನ, ಆತ ಅನಿವಾಸಿ. ಮರುದಿನ ಹತ್ತಿದರೆ 182, ಆತ ನಿವಾಸಿ. ಅಮಾವಾಸ್ಯೆ, ರಾಹುಕಾಲಗಳನ್ನು ನೋಡಿ ಪ್ರಯಾಣದ ದಿನ ಗೊತ್ತುಮಾಡುವ ಹಿರಿಯರು ಈ ಪಂಚಾಂಗವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಈ ದಂಪತಿಗಳು ಜುಲೈ 20ರಂದು ಒಂದೇ ವಿಮಾನದಲ್ಲಿ ಅಕ್ಕಪಕ್ಕದ ಆಸನಗಳಲ್ಲಿ ಕುಳಿತು ಹೊರಟರೆನ್ನಿ. ಇಬ್ಬರಿಗೂ ಆ ವರ್ಷ ಭಾರತದಲ್ಲಿ ಕಳೆದದ್ದು 111 ದಿನ. ಗಂಡ ಉದ್ಯೋಗಕ್ಕಾಗಿ ಹೊರಟವನು, 182 ದಿನ ತುಂಬಿಲ್ಲ, ಅನಿವಾಸಿ. ಹೆಂಡತಿ? ಆಕೆಯ ಉದ್ಯೋಗ ಬೆಂಗಳೂರಿನದೇ. ಹೊರಟದ್ದು ಗಂಡನೊಡನೆ ಇರಲೆಂದು. ಆಕೆಯೂ 'ಉದ್ಯೋಗಕ್ಕಾಗಿ ಹೊರಟವಳು' ಎಂದು ವಾದಿಸಲು ಎಡೆಯುಂಟು. ಅಲ್ಲವೆಂದು ಅಧಿಕಾರಿ ಹೇಳಲೂ ಎಡೆಯುಂಟು. ಅಧಿಕಾರಿಯ ಮಾತೇ ನಿಂತರೆ 60 ದಿನದ ನಿಯಮದಂತೆ ಆಕೆ ಆ ವರ್ಷವೆಲ್ಲ ಭಾರತದ ನಿವಾಸಿ. ಮ್ಯೂನಿಕ್ಕಿನಲ್ಲಿ ದುಡಿದ ತಿಂಗಳುಗಳ ಸಂಬಳವನ್ನೂ ಇಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಯನ್ನು ವಜಾ ಮಾಡಿಸಿಕೊಳ್ಳಬೇಕು. ಆ ಮಧ್ಯೆ ಆಕೆ ಜರ್ಮನಿಯ ನಿವಾಸಿಯೂ ಹೌದು. ಅಂಥವರ ಮನೆ ಎಲ್ಲಿದೆ, ಸಂಸಾರದ ಕೇಂದ್ರ ಎಲ್ಲಿದೆ ಎಂಬುದನ್ನು ನೋಡಿ ಯಾರೋ ಒಬ್ಬರ ಪಾಲಿಗೆ ಒಪ್ಪಿಸುವ ಕ್ರಮವೂ ಒಪ್ಪಂದದಲ್ಲೇ ಇದೆ. ಎರಡು ಮನೆಗಳಿಗೆ ಸೇರಿದ ಹೆಣ್ಣೆಂಬ ನಮ್ಮ ಹಳೆಯ ಕಲ್ಪನೆಗೆ ತೆರಿಗೆಯವರೂ ಒಂದು ವಿಧಿಯನ್ನು ಬರೆದಿಟ್ಟಂತಾಯಿತು.

ತೆರಿಗೆಯ ವಿಷಯ ಇಷ್ಟಾಯಿತು. ಇದಕ್ಕಿಂತ ಆಶ್ಚರ್ಯದ ಸಂಗತಿ ಕಾರ್ಮಿಕ ಕಾನೂನಿನದು. ಜರ್ಮನಿಯಲ್ಲಿ ಕನಿಷ್ಠ ವೇತನವೆಂಬುದೊಂದಿದೆ. 2025ರಲ್ಲಿ ಗಂಟೆಗೆ 12.82 ಯೂರೋ ಇದ್ದ ಆ ದರ 2026ರ ಜನವರಿ 1ರಿಂದ 13.90 ಯೂರೋಗೆ ಏರಿದೆ. ವಾರಕ್ಕೆ 40 ಗಂಟೆಯ ದುಡಿಮೆಗೆ ತಿಂಗಳಿಗೆ ಸುಮಾರು 2,400 ಯೂರೋ. ರೂಪಾಯಿಗೆ ಇಳಿಸಿದರೆ ಎರಡು ಲಕ್ಷಕ್ಕೂ ಮೇಲೆ. ಯಜಮಾನ ಜರ್ಮನಿಯವನೇ ಆಗಿರಲಿ ಹೊರಗಿನವನೇ ಆಗಿರಲಿ, ಜರ್ಮನಿಯ ನೆಲದಲ್ಲಿ ದುಡಿಸಿಕೊಳ್ಳುವವನು ಈ ದರಕ್ಕೆ ಕಡಮೆ ಕೊಡಕೂಡದು. ಬಸವನಗುಡಿಯಲ್ಲಿ ನೆರೆಹೊರೆಯವರು ಕಣ್ಣರಳಿಸಿ ಕೇಳುತ್ತಿದ್ದ ಒಂದೂವರೆ ಲಕ್ಷದ ಸಂಬಳ ಮ್ಯೂನಿಕ್ಕಿನಲ್ಲಿ ಹೋಟೆಲಿನ ಪಾತ್ರೆ ತೊಳೆಯುವವನಿಗೆ ಕಾನೂನು ಗೊತ್ತುಮಾಡಿದ ಕೂಲಿಗಿಂತ ಕಡಮೆಯಾಗಿಬಿಡುತ್ತದೆ! "ವ್ಯಾಜ್ಯ ಬಂದರೆ ಬೆಂಗಳೂರಿನ ನ್ಯಾಯಾಲಯಕ್ಕೇ ಸೇರಿದ್ದು" ಎಂದು ನೇಮಕದ ಪತ್ರದಲ್ಲಿ ಬರೆದಿದ್ದರೂ, ವಾಡಿಕೆಯಾಗಿ ಕೆಲಸ ನಡೆಯುವ ದೇಶದ ಕಡ್ಡಾಯ ರಕ್ಷಣೆಗಳನ್ನು ಅಂಥ ಬರಹದಿಂದ ಕಿತ್ತುಕೊಳ್ಳಲಾಗದೆಂಬುದು ಯೂರೋಪಿನ ನಿಯಮ. ಸೊಸೆಗೆ ಇದು ಲಾಭವೆಂದು ಅತ್ತೆ ಸಂತೋಷಪಡಬಹುದು. ಕಂಪೆನಿಯವರ ಮುಖದಲ್ಲಿ ಆ ಸಂತೋಷ ಕಾಣುವುದಿಲ್ಲ.

ಕಾಯಿಲೆಯ ವಿಮೆಯದು ಇನ್ನೊಂದು ಕಥೆ. ಅಲ್ಲಿ ಗಂಡ ಸರ್ಕಾರೀ ವ್ಯವಸ್ಥೆಯ ವಿಮೆಯಲ್ಲಿದ್ದರೆ, ವರಮಾನವಿಲ್ಲದ ಹೆಂಡತಿಗೂ ಮಕ್ಕಳಿಗೂ ಅದೇ ವಿಮೆಯಲ್ಲಿ ಬೇರೆ ಕಂತಿಲ್ಲದೆ ಜಾಗ ಸಿಗುತ್ತದೆ. ಆದರೆ ಹೆಂಡತಿಯ ಸ್ವಂತ ವರಮಾನ ಗೊತ್ತಾದ ಮಿತಿಯನ್ನು ಮೀರಿದರೆ (2025ರಲ್ಲಿ ಅದು ತಿಂಗಳಿಗೆ 535 ಯೂರೋ) ಆ ಜಾಗ ಹೋಗುತ್ತದೆ. ಬೆಂಗಳೂರಿನ ಸಂಬಳ ಈ ಮಿತಿಯನ್ನು ಎಲ್ಲಿಯೋ ದಾಟಿರುತ್ತದೆ. ದಂಪತಿಗಳ ವರಮಾನವನ್ನು ಕೂಡಿಸಿ, ಸಮನಾಗಿ ಒಡೆದು ತೆರಿಗೆ ಕಟ್ಟುವ ಪದ್ಧತಿಯೂ ಆ ದೇಶದಲ್ಲಿದೆ. ಹೆಂಡತಿಗೆ ವರಮಾನವಿಲ್ಲದಿದ್ದಾಗ ಗಂಡನ ತೆರಿಗೆ ಚೆನ್ನಾಗಿ ಇಳಿಯುತ್ತದೆ. ಹೀಗೆ ಎಲ್ಲವನ್ನೂ ಕೂಡಿ ಕಳೆದು ನೋಡಿದಾಗ ಆಕೆಯ ದುಡಿಮೆಯಿಂದ ಮನೆಗೆ ಉಳಿಯುವುದು ಊಹಿಸಿದ್ದಕ್ಕಿಂತ ಬಹಳ ಕಡಮೆ. "ಅಷ್ಟಕ್ಕೆ ಯಾಕೆ ಈ ತಾಪತ್ರಯ?" ಎನ್ನುವವರು ಮನೆಯಲ್ಲೇ ಹುಟ್ಟಿಕೊಳ್ಳುತ್ತಾರೆ. ಲೆಕ್ಕ ಸರಿಯೇ ಇರಬಹುದು. ಆದರೆ ಒಂಬತ್ತು ವರ್ಷದ ಅನುಭವ, ಮುಂದಿನ ಬಡ್ತಿ, ತನ್ನದೆನ್ನುವ ಹಣ, ಪರಭಾಷೆಯ ಊರಿನಲ್ಲಿ ದಿನವಿಡೀ ಮಾತಿಗೆ ಸಿಗುವ ನಾಲ್ಕು ಪರಿಚಿತ ದನಿಗಳು ಆ ಲೆಕ್ಕದ ಹಾಳೆಯಲ್ಲಿ ಬರುವುದಿಲ್ಲ.

ಭವಿಷ್ಯನಿಧಿಯ ವಿಷಯಕ್ಕೆ ಬಂದರೆ ಸ್ವಲ್ಪ ಸಮಾಧಾನವಿದೆ. ಇಲ್ಲಿ ಪ್ರಾವಿಡೆಂಟ್ ಫಂಡು, ಅಲ್ಲಿ ಪಿಂಚಣಿಯ ವಿಮೆ. ಎರಡಕ್ಕೂ ವಂತಿಗೆ ಕಟ್ಟುವ ಪರಿಸ್ಥಿತಿ ಬಾರದಿರಲೆಂದು ಭಾರತ ಹಲವು ದೇಶಗಳೊಡನೆ ಸಾಮಾಜಿಕ ಭದ್ರತೆಯ ಒಪ್ಪಂದಗಳನ್ನು ಮಾಡಿಕೊಂಡಿದೆ. ಮೊದಲನೆಯದು 2006ರಲ್ಲಿ ಬೆಲ್ಜಿಯಮ್ಮಿನೊಡನೆ ಸಹಿಯಾಯಿತು. ಜರ್ಮನಿಯೊಡನೆ ಆದ ವಿಸ್ತಾರವಾದ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಕಂಪೆನಿ ತನ್ನ ಉದ್ಯೋಗಿಯನ್ನು ಕೆಲಸಕ್ಕೆಂದು ಅಲ್ಲಿಗೆ ಕಳುಹಿಸಿದರೆ 48 ತಿಂಗಳವರೆಗೆ ಇಲ್ಲಿನ ನಿಧಿಗೇ ವಂತಿಗೆ ಕಟ್ಟಿ, ಭವಿಷ್ಯನಿಧಿ ಸಂಘಟನೆಯಿಂದ ಪ್ರಮಾಣಪತ್ರ ಪಡೆದು, ಅಲ್ಲಿ ತೋರಿಸಬಹುದು. ಇಲ್ಲದಿದ್ದರೆ ಅಲ್ಲಿನ ಪಿಂಚಣಿ ವಿಮೆಗೆ ಮಾತ್ರ ಸಂಬಳದ ಶೇಕಡಾ 18.6 ಸಲ್ಲಬೇಕು, ಅರ್ಧ ಉದ್ಯೋಗಿಯದು, ಅರ್ಧ ಯಜಮಾನನದು. ತೊಡಕಿರುವುದು 'ಕಳುಹಿಸಿದರೆ' ಎಂಬ ಒಂದು ಪದದಲ್ಲಿ. ಗಂಡನ ಜೊತೆ ಹೊರಟವಳನ್ನು ಕಂಪೆನಿ ಕಳುಹಿಸಿತೆನ್ನಬಹುದೇ? ಇದಕ್ಕೆ ಉತ್ತರವನ್ನು ಮೇಲಧಿಕಾರಿಯ ಸೌಜನ್ಯದಲ್ಲಿ ಹುಡುಕದೆ, ಹೊರಡುವ ಮೊದಲೇ ಭವಿಷ್ಯನಿಧಿಯ ಕಛೇರಿಯಿಂದ ಬರಹದಲ್ಲಿ ಪಡೆಯಬೇಕು.

ಕಂಪೆನಿಯವರಿಗೆ ಇನ್ನೊಂದು ಭಯವೂ ಉಂಟು. ತಮ್ಮ ಉದ್ಯೋಗಿ ಕುಳಿತ ಮನೆಯನ್ನೇ ತಮ್ಮ ಕಾಯಂ ಶಾಖೆಯೆಂದು ಎಣಿಸಿ ಆ ದೇಶದವರು ಲಾಭದಲ್ಲಿ ತೆರಿಗೆ ಕೇಳಿದರೆ ಏನು ಗತಿ ಎಂಬುದೇ ಆ ಭಯ. ಈ ವಿಷಯದಲ್ಲಿ ಓ.ಇ.ಸಿ.ಡಿ. ಎಂಬ ರಾಷ್ಟ್ರಗಳ ಸಂಘಟನೆ 2025ರ ನವೆಂಬರಿನಲ್ಲಿ ತನ್ನ ವ್ಯಾಖ್ಯಾನವನ್ನು ಸ್ವಲ್ಪ ಬಿಡಿಸಿ ಬರೆದಿದೆ. ಹನ್ನೆರಡು ತಿಂಗಳಲ್ಲಿ ಕೆಲಸದ ಕಾಲದ ಅರ್ಧಕ್ಕಿಂತ ಕಡಮೆ ಭಾಗವನ್ನು ವಿದೇಶದ ಮನೆಯಲ್ಲಿ ಕಳೆದರೆ ಸಾಮಾನ್ಯವಾಗಿ ಆ ಮನೆ ಶಾಖೆಯಾಗುವುದಿಲ್ಲ. ಅದಕ್ಕೆ ಮೀರಿದರೆ, ಉದ್ಯೋಗಿ ಆ ದೇಶದಲ್ಲಿರುವುದಕ್ಕೆ ವ್ಯಾಪಾರದ ಕಾರಣವೇನಾದರೂ ಇದೆಯೇ ಎಂದು ನೋಡಬೇಕು. ಗಂಡನೊಡನೆ ಸಂಸಾರ ಮಾಡುವುದು ವ್ಯಾಪಾರದ ಕಾರಣವಲ್ಲವಷ್ಟೆ! ಆದರೆ ಈ ವ್ಯಾಖ್ಯಾನ ಕಾಯಿದೆಯಲ್ಲ, ಭಾರತ ಆ ಸಂಘಟನೆಯ ಸದಸ್ಯರಾಷ್ಟ್ರವೂ ಅಲ್ಲ. ಆಕೆ ಜರ್ಮನಿಯ ಗಿರಾಕಿಗಳೊಡನೆ ಕಂಪೆನಿಯ ಪರವಾಗಿ ಕರಾರು ಕುದುರಿಸುವ ಸ್ಥಾನದಲ್ಲಿದ್ದರಂತೂ ಭಯಕ್ಕೆ ನಿಜವಾದ ಆಧಾರವಿದೆ. ದೊಡ್ಡ ಕಂಪೆನಿಗಳು ಇಷ್ಟು ವಾರಗಳಿಗೆ ಮೀರಿ ವಿದೇಶದಿಂದ ಕೆಲಸ ಮಾಡಕೂಡದೆಂದು ಕಟ್ಟಳೆ ಮಾಡುವುದರ ಹಿಂದೆ ಇರುವುದು ಈ ಲೆಕ್ಕಾಚಾರವೇ ಹೊರತು ಬರೀ ಹಟಮಾರಿತನವಲ್ಲ. ದೂರಬೇಕಾದದ್ದು ನೇರವಾಗಿ 'ಆಗದು' ಎನ್ನುವ ಕಂಪೆನಿಯನ್ನಲ್ಲ. "ಹೋಗಿ ಬನ್ನಿ, ನೋಡಿಕೊಳ್ಳೋಣ" ಎಂದು ನಗುತ್ತಾ ಕಳುಹಿಸಿ, ಕಾಗದ ಕೇಳಿದಾಗ ಮೌನ ತಾಳುವ ಅಧಿಕಾರಿಯನ್ನು.

ಕೆಲವರು ಇಂಟರ್‌ನೆಟ್ಟಿನ ತಂತ್ರಗಳಿಂದ ತಾವು ಬೆಂಗಳೂರಿನಲ್ಲೇ ಇರುವಂತೆ ಕಂಪೆನಿಗೆ ತೋರಿಸುವುದುಂಟು. ಪಾಸ್‌ಪೋರ್ಟಿನ ಮುದ್ರೆ ಆ ತಂತ್ರವನ್ನು ಅರಿಯದು. ಇನ್ನು ಕೆಲವರು ಉದ್ಯೋಗವನ್ನೇ ಬಿಟ್ಟು ಅದೇ ಕಂಪೆನಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡುತ್ತಾರೆ. ಇದು ನ್ಯಾಯವಾದ ದಾರಿಯೇ. ಆದರೆ ಒಬ್ಬನೇ ಯಜಮಾನ, ಅವನು ಹೇಳಿದ ಹೊತ್ತು, ಅವನು ಕೊಟ್ಟ ಯಂತ್ರ ಎಂದಾದರೆ ಅದು ವೇಷ ಹಾಕಿದ ನೌಕರಿಯೆಂದು ಜರ್ಮನಿಯವರು ತೀರ್ಮಾನಿಸಬಲ್ಲರು. ಆಗ ಹಿಂಬಾಕಿಯಾದ ವಂತಿಗೆಗಳೂ ಬೆನ್ನು ಹತ್ತುತ್ತವೆ. ವೀಸಾದ ಮಾತೂ ಇದೆ. ಅಲ್ಲಿ ಉದ್ಯೋಗದಲ್ಲಿರುವವನ ಕುಟುಂಬಕ್ಕೆಂದು ಕೊಡುವ ನಿವಾಸದ ಪರವಾನಗಿಯಲ್ಲಿ ಹೆಂಡತಿಗೂ ದುಡಿಯುವ ಹಕ್ಕು ಇರುತ್ತದೆ. 90 ದಿನದ ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅದು ಇಲ್ಲ.

ದುಬೈ ಸರ್ಕಾರ 2020ರ ಅಕ್ಟೋಬರಿನಿಂದ ಹೊರದೇಶದ ಕಂಪೆನಿಗೆ ದುಡಿಯುವವರಿಗೆಂದೇ ಒಂದು ವರ್ಷದ ವೀಸಾ ಕೊಡುತ್ತಿದೆ. ಅಲ್ಲಿ ವ್ಯಕ್ತಿಗಳ ಸಂಬಳಕ್ಕೆ ತೆರಿಗೆಯೇ ಇಲ್ಲ. ಆದರೆ ಸಂಬಳ ಗಾಂಧಿಬಜಾರಿನಲ್ಲಿ ಜಮೆಯಾಗುತ್ತಿದ್ದರೆ ಮೇಲೆ ಹೇಳಿದ ಕೈಸೇರಿದ ವರಮಾನದ ನಿಯಮ ಅಲ್ಲಿಗೂ ಕೈ ಚಾಚುತ್ತದೆ. ವಿದೇಶದ ಮೂಲದ್ದನ್ನು ಬಿಟ್ಟು 15 ಲಕ್ಷ ರೂಪಾಯಿಗೆ ಮೀರಿದ ವರಮಾನವಿದ್ದು, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಭಾರತದ ನಿವಾಸಿಯೆಂದೇ ಭಾವಿಸಬೇಕೆಂಬ ವಿಧಿಯೂ 2020ರಲ್ಲಿ ಸೇರಿತು. ಎಸ್ಟೋನಿಯ ದೇಶ ಇಂಥ ವೀಸಾವನ್ನು ಅದೇ 2020ರಲ್ಲಿ ಆರಂಭಿಸಿತು. ಅಲ್ಲಿಯೂ 183 ದಿನ ಕಳೆದವರು ಅಲ್ಲಿನ ತೆರಿಗೆಯ ನಿವಾಸಿಗಳಾಗುತ್ತಾರೆ. ಇರಲು ಕೊಟ್ಟ ಅನುಮತಿ ಬೇರೆ, ತೆರಿಗೆಯ ವಿನಾಯಿತಿ ಬೇರೆ.

ಊರಿನಲ್ಲಿ ಬಿಟ್ಟುಹೋಗುವ ಖಾತೆಗಳನ್ನೂ ಮರೆಯುವಂತಿಲ್ಲ. ಅನಿರ್ದಿಷ್ಟ ಕಾಲಕ್ಕೆ ವಿದೇಶದಲ್ಲಿ ನೆಲೆಸಲು ಹೊರಟವರು ತಮ್ಮ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಬದಲಾಯಿಸಿಕೊಳ್ಳಬೇಕು, ಅದರ ಬಡ್ಡಿಯಲ್ಲಿ ಶೇಕಡಾ 30ರ ಮೇಲೆ ತೆರಿಗೆ ಮೊದಲೇ ಮುರಿಯುತ್ತದೆ. ಹಳೆಯ ಪಿ.ಪಿ.ಎಫ್. ಖಾತೆಯನ್ನು ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದನ್ನು ತೆರೆಯುವಂತಿಲ್ಲ.

ಇದೆಲ್ಲ ಹೋಗುವವರ ಮಾತು. ಬರುವವರೂ ಇದ್ದಾರೆ. ತಾಯಿಗೆ ಕಾಯಿಲೆಯೆಂದು ಅಮೆರಿಕದಿಂದ ಮೈಸೂರಿಗೆ ಬಂದ ಮಗ ಹಗಲು ಆಸ್ಪತ್ರೆಯಲ್ಲಿದ್ದು ರಾತ್ರಿಯೆಲ್ಲ ಅಲ್ಲಿನ ಕಛೇರಿಯ ಕೆಲಸ ಮಾಡುತ್ತಾನೆ. 2025ರ ಡಿಸೆಂಬರಿನಲ್ಲಿ ಅಮೆರಿಕದ ವೀಸಾ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದಾಗ, ಎರಡು ವಾರಕ್ಕೆಂದು ಬಂದ ಅನೇಕರು ಹೀಗೆಯೇ ಇಲ್ಲಿ ಉಳಿಯಬೇಕಾಯಿತು. ಕುರ್ಚಿಯ ನಿಯಮ ಅವರಿಗೂ ಒಂದೇ: ಮೈಸೂರಿನಲ್ಲಿ ಕುಳಿತು ದುಡಿದ ದಿನಗಳ ಸಂಬಳ ಭಾರತದಲ್ಲಿ ಹುಟ್ಟಿದ ವರಮಾನ. ಆದರೆ ಆತ ಅಮೆರಿಕದ ನಿವಾಸಿಯಾಗಿಯೇ ಉಳಿದು, ಆ ತೆರಿಗೆ ವರ್ಷದಲ್ಲಿ ಇಲ್ಲಿದ್ದದ್ದು 183 ದಿನವನ್ನು ಮೀರದೆ, ಸಂಬಳ ಕೊಡುವವನು ಭಾರತದ ನಿವಾಸಿಯಲ್ಲದೆ, ಆ ಸಂಬಳದ ವೆಚ್ಚ ಭಾರತದ ಶಾಖೆಯ ಮೇಲೆ ಬೀಳದೆ ಇದ್ದರೆ, ಭಾರತ–ಅಮೆರಿಕ ಒಪ್ಪಂದದ 16ನೆಯ ವಿಧಿ ಆತನನ್ನು ಇಲ್ಲಿನ ತೆರಿಗೆಯಿಂದ ಬಿಡಿಸುತ್ತದೆ. ನಾಲ್ಕನೆಯ ಷರತ್ತನ್ನು ಅನೇಕರು ಗಮನಿಸುವುದೇ ಇಲ್ಲ. ಅಮೆರಿಕದ ಕಂಪೆನಿಗೆ ವೈಟ್‌ಫೀಲ್ಡಿನಲ್ಲೊಂದು ಶಾಖೆಯಿದ್ದು, ಮಗ ಊರಿನಲ್ಲಿದ್ದ ತಿಂಗಳುಗಳ ಸಂಬಳವನ್ನು ಲೆಕ್ಕದವರು ಆ ಶಾಖೆಯ ಖರ್ಚಿಗೆ ಬರೆದುಬಿಟ್ಟರೆ ವಿನಾಯಿತಿ ಕೈತಪ್ಪುತ್ತದೆ. ಆ ಬರವಣಿಗೆ ಆತನಿಗೆ ಕಾಣುವ ಕಡೆ ಇರುವುದಿಲ್ಲ. ಕಛೇರಿಗೆ ಕಾಗದ ಬರೆದು ಕೇಳಿಯೇ ತಿಳಿಯಬೇಕು. ಕೇಳುವಾಗ ಬಂದ ದಿನ, ಹೋಗುವ ದಿನ, ರಜೆಯ ಮೇಲಿದ್ದ ದಿನಗಳು, ಕೆಲಸ ಮಾಡಿದ ದಿನಗಳು, ಇವಿಷ್ಟನ್ನೂ ತಾರೀಖಿನ ಸಮೇತ ಅದೇ ಕಾಗದದಲ್ಲಿ ಬರೆದಿರಬೇಕು.